ಅವ್ವನ ಪಾಳಿಯ ವಚನ

ಆ ಕಾಲದ ಹುಬ್ಬಳ್ಳಿಯಲ್ಲಿ ನಮ್ಮ ಓಣಿಗೆ ಗಡಿಯಾರ ಬೇಕಿರಲಿಲ್ಲ. ರೈಲ್ವೆ ಕಾರಖಾನೆಯ ಭೋಂಗಾ ಕೂಗಿತೆಂದರೆ ಅಪ್ಪ ಮನೆಗೆ ಬರುವ ಹೊತ್ತು. ಅಪ್ಪ ಬಂದು ಕೈಯ ಎಣ್ಣೆಮಸಿಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದನೆಂದರೆ ಸತ್ಯವೇದ, ಅಂದರೆ ನಮ್ಮ ಬೈಬಲ್, ಓದುವ ಹೊತ್ತು. ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ನಮ್ಮ ಸಭೆಯೂ ಸಣ್ಣದು. ಪಾದ್ರಿಯಿಲ್ಲ, ಚರ್ಚಿನ ಕಟ್ಟಡವಿಲ್ಲ, ಗಂಟೆಯಿಲ್ಲ. ಬಾಡಿಗೆಯ ಒಂದು ಪಡಸಾಲೆಯಲ್ಲಿ ಕೂಡುತ್ತಿದ್ದೆವು. ಗಂಡಸರೇ ಪಾಳಿಯ ಮೇಲೆ ಬೋಧನೆ ಮಾಡುತ್ತಿದ್ದರು. ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪನಿಗೂ ಪಾಳಿ ಬರುತ್ತಿತ್ತು. ಅವನಿಗೆ ಮಾತು ಕಡಿಮೆ. ಅವನ ವಾರ ಸಭೆ ಲಗೂ ಮುಗಿಯುತ್ತದೆಂದು ನಮಗೆ ಖುಷಿ.

ಮನೆಯಲ್ಲೂ ಓದುವುದು ಪಾಳಿಯ ಮೇಲೆಯೇ. ಕಂದೀಲು ನಡುವೆ ಇಟ್ಟು ಚಾಪೆಯ ಮೇಲೆ ದುಂಡಗೆ ಕೂಡುತ್ತಿದ್ದೆವು. ಅಪ್ಪ ಒಂದು ವಚನ ಓದಿದರೆ ಮುಂದಿನದು ಅವ್ವ, ಆಮೇಲೆ ನಾನು, ಆಮೇಲೆ ಅಣ್ಣ ದಾನಪ್ಪ, ಮತ್ತೆ ಅಪ್ಪ. ಅವ್ವ ಅಕ್ಷರ ಕಲಿತದ್ದೇ ಮದುವೆಯಾದ ಮೇಲೆ, ಈ ಚಾಪೆಯ ಮೇಲೆ. ಸಾಲಿನ ಕೆಳಗೆ ಬೆರಳಿಟ್ಟು ಓದುವಳು, ಒತ್ತಕ್ಷರ ಬಂದಲ್ಲಿ ನಿಲ್ಲುವಳು. ಅಣ್ಣ ಹೇಳಿಕೊಡಲು ಹೋದರೆ ಅಪ್ಪ ಕಣ್ಣು ಕೆಕ್ಕರಿಸುತ್ತಿದ್ದ. ಒಲೆಯ ಮೇಲೆ ಬ್ಯಾಳಿ ಕುದಿಯುವ ವಾಸನೆ ಬರುತ್ತಿರುವಾಗ ಬರೀ ಹೆಸರುಗಳೇ ತುಂಬಿದ ಉದ್ದನೆಯ ಅಧ್ಯಾಯ ಬಂದರೆ ನಮ್ಮ ಕಥೆ ಮುಗಿಯಿತು. ಒಮ್ಮೆ ಅಣ್ಣ ಆ ಹೆಸರುಗಳ ನಡುವೆ ನಮ್ಮ ಓಣಿಯ ಬಸ್ಯಾನ ಹೆಸರನ್ನೂ ಸೇರಿಸಿ ಓದಿದ. ಅಪ್ಪ ನಗು ತಡೆದುಕೊಂಡೇ ಒಂದು ಏಟು ಕೊಟ್ಟ.

ತಿಂಗಳ ಮೊದಲ ಐತವಾರ ಸಭೆಗೆಲ್ಲ ಉಪವಾಸ. ಅಂದು ದೊಡ್ಡವರು ಒಬ್ಬೊಬ್ಬರಾಗಿ ಎದ್ದು ಸಾಕ್ಷಿ ಹೇಳಬೇಕು: ದೇವರಿದ್ದಾನೆ, ನನ್ನ ಪ್ರಾರ್ಥನೆ ಕೇಳಿದ್ದಾನೆ, ಇದು ನನಗೆ ಗೊತ್ತು ಎಂದು. ಸಾಕ್ಷಿ ಹೇಳಿದವರಿಗೆ ಮಾತ್ರ, ಯೇಸುವಿನ ಕಡೆಯ ಊಟದ ನೆನಪಿಗೆ ಹಂಚುವ ಕರ್ತನ ರೊಟ್ಟಿಯ ತಟ್ಟೆ ಬರುತ್ತಿತ್ತು. ಮಕ್ಕಳು ಸಾಕ್ಷಿ ಹೇಳಬೇಕಿರಲಿಲ್ಲ, ಆದರೆ ಉಪವಾಸ ಮಾತ್ರ ಬಿಡುವಂತಿರಲಿಲ್ಲ. ಅದೇ ದಿನ ನೋಡಿ ಪಕ್ಕದ ಮನೆಯ ಮಾಬುಬಿ ಮಾವಶಿ ಮಟನ್ ಸಾರು ಕುದಿಸುತ್ತಿದ್ದಳು. ಆ ವಾಸನೆ ಗೋಡೆ ದಾಟಿ ಬಂದಾಗ ನನ್ನ ನಂಬಿಕೆ ಎಷ್ಟರಮಟ್ಟಿನದು ಎಂಬುದು ನನಗೆ ಗೊತ್ತಾಗುತ್ತಿತ್ತು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ನನ್ನ ತಮ್ಮ ಶಾಂತುವಿಗೆ ಜ್ವರ ಬಂತು. ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ಕೂಸು. ಡಾಕ್ಟರ ಔಷಧಿಯೂ ಆಯಿತು. ಇಡೀ ಸಭೆ ಅವನಿಗಾಗಿ ಉಪವಾಸ ಹಿಡಿಯಿತು. ಸಭೆಯ ಮುಖ್ಯಸ್ಥರಾದ ಸತ್ಯಪ್ಪ ಹಿರಿಯರು ನಮ್ಮ ಮನೆಯಲ್ಲೇ ಕೂತು ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದರು. ಬಡಗಿಯ ಒರಟು ಕೈ ಅವರದು. ಅಷ್ಟು ಮೆತ್ತಗೆ ಆ ಕೈ ಆಡಬಹುದೆಂದು ನಾನು ಎಣಿಸಿರಲಿಲ್ಲ. ಶಾಂತು ಉಳಿಯಲಿಲ್ಲ. ಅವನ ಪೆಟ್ಟಿಗೆಯನ್ನು ಹಿರಿಯರೇ ಮಾಡಿದರು.

ಮುಂದಿನ ಉಪವಾಸದ ಐತವಾರ ಅವ್ವನ ಪಾಳಿ ಬಂತು. ಎದ್ದಳು. ದೇವರು ಕೊಟ್ಟ, ದೇವರೇ ತಗೊಂಡ ಎಂಬಂಥ ಮಾತನ್ನು ಎಲ್ಲರೂ ಕಾಯುತ್ತಿದ್ದರು.

“ಎಲ್ಲಾರೂ ಉಪಾಸ ಮಾಡಿದ್ರಿ. ನಿಮ್ಮ ಉಪಕಾರ ಮರಿಯೂದಿಲ್ರಿ,” ಎಂದಳು. “ಆದ್ರ ದೇವರು ಕೇಳಿದ್ನೋ ಇಲ್ಲೋ, ನನಗ ಗೊತ್ತಿಲ್ರಿ.”

ಕೂತಳು. ರೊಟ್ಟಿಯ ತಟ್ಟೆ ಹೆಂಗಸರ ಸಾಲಿಗೆ ಬಂದಾಗ ಅವ್ವನನ್ನು ಬಿಟ್ಟು ಆಚೆಯವಳ ಕೈಗೆ ಹೋಯಿತು. ನಾನು ಅವ್ವನ ಸೆರಗು ಹಿಡಿದು ಕೂತಿದ್ದೆ. ನನಗೆ ನಾಚಿಕೆಯಾಗಿತ್ತು, ಸಿಟ್ಟೂ ಬಂದಿತ್ತು. ಯಾರ ಮೇಲೆಂದು ತಿಳಿಯಲಿಲ್ಲ.

ಅಂದು ಸಂಜೆ ಚಾಪೆಯ ಮೇಲೆ ಅವ್ವ ತನ್ನ ಜಾಗದಲ್ಲೇ ಕೂತಳು. ಅವಳ ಪಾಳಿ ಬಂತು, ಓದಲಿಲ್ಲ. ಅಪ್ಪ ಓದೆನ್ನಲಿಲ್ಲ, ತಾನೂ ಓದಲಿಲ್ಲ. ಅವ್ವ ಬೆರಳಿಟ್ಟು ಓದಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು ಸುಮ್ಮನೆ ಕಾದು, ನನ್ನ ಕಡೆ ತಿರುಗಿ “ಮುಂದ” ಎಂದ. ಅಲ್ಲಿಂದ ಮುಂದೆ ದಿನಾಲೂ ಹೀಗೇ. ಅವ್ವನ ವಚನಗಳು ಓದದೆ ಉಳಿದವು. ಕಥೆಯಲ್ಲಿ ತೂತು ಬಿದ್ದವು. ಅಪ್ಪನ ವಚನದಲ್ಲಿ ಬಾವಿಗೆ ಬಿದ್ದ ಹುಡುಗ ನನ್ನ ವಚನಕ್ಕೆ ಬರುವಷ್ಟರಲ್ಲಿ ವ್ಯಾಪಾರಸ್ಥರ ಕೈಯಲ್ಲಿದ್ದ.

“ಅವನ್ನ ಬಾವ್ಯಾಗಿಂದ ಯಾರು ಎತ್ತಿದ್ರಪಾ?” ಎಂದು ಅಣ್ಣ ಕೇಳಿದ.

“ಅದು ಅವ್ವನ ವಚನದಾಗ ಐತಿ,” ಎಂದ ಅಪ್ಪ.

ದೀಪಾವಳಿ ಕಳೆದು ಚಳಿ ಹತ್ತಿದ ಮೇಲೆ ಒಂದು ಸಂಜೆ ಸತ್ಯಪ್ಪ ಹಿರಿಯರು ಮನೆಗೆ ಬಂದರು. ನಮ್ಮ ಜೊತೆ ಚಾಪೆಯ ಮೇಲೆ ಕೂತರು. ಅವ್ವನ ಪಾಳಿಯಲ್ಲಿ ಎಲ್ಲರೂ ಸುಮ್ಮನಾದಾಗ, ಮರೆತಿರಬೇಕು ಎಂದುಕೊಂಡರೋ ಏನೋ, ತಾವೇ ಆ ವಚನ ಓದತೊಡಗಿದರು.

“ತಡೀರಿ ಹಿರಿಯಾರ,” ಎಂದ ಅಪ್ಪ. “ಅದು ಆಕಿ ಪಾಳಿ ಐತ್ರಿ.”

“ಆಕಿ ಓದವಲ್ಲಳಲ್ಲೋ.”

“ಓದೂದಿಲ್ಲ ಅಂತ ಆಕಿ ಇನ್ನೂ ಹೇಳಿಲ್ರಿ.”

ಹಿರಿಯರು ಕನ್ನಡಕ ತೆಗೆದರು. “ನೋಡಪಾ, ಮನಿಯಾಕಿನ ತಿದ್ದಲಾರದಾವ ಸಭಾದಾಗ ನಿಂತು ಏನ್ ಹೇಳ್ತಿ? ಆಕಿಗೆ ಬುದ್ಧಿ ಹೇಳು. ಇಲ್ಲಾಂದ್ರ ನಿನ್ನ ಪಾಳೀನೂ ಬಿಡಬೇಕಾಗ್ತೈತಿ, ರೊಟ್ಟೀನೂ ಬಿಡಬೇಕಾಗ್ತೈತಿ.” ಅವರ ದನಿ ಗದರಿಸುವಂತಿರಲಿಲ್ಲ, ಬೇಡಿಕೊಳ್ಳುವಂತಿತ್ತು.

ಆ ಸಭೆ ಬಿಟ್ಟರೆ ಅಪ್ಪನಿಗೆ ಈ ಊರಲ್ಲಿ ಬಂಧು ಬಳಗ ಇರಲಿಲ್ಲ. “ಆಗಲ್ರಿ,” ಎಂದ. ಯಾವುದಕ್ಕೆ ಹೂಂ ಅಂದನೆಂದು ನಮಗಾರಿಗೂ ತಿಳಿಯಲಿಲ್ಲ. ಅವ್ವ ಎದ್ದು ಒಳಗೆ ಹೋದಳು.

ಮುಂದಿನ ಉಪವಾಸದ ಐತವಾರ ತಿಳಿಯಿತು. ಅಪ್ಪನ ಸಾಕ್ಷಿಯ ಪಾಳಿ ಬಂದಾಗ ಅವನು ಏಳಲಿಲ್ಲ. ತಟ್ಟೆ ಬಂತು. ಹಿರಿಯರು ಅದನ್ನು ಅವನ ಮುಂದೆ ಒಂದು ಗಳಿಗೆ ಹಿಡಿದೇ ನಿಂತರು. ಬಿಟ್ಟು ಹೋಗಲು ಅವರಿಗೂ ಮನಸ್ಸಿರಲಿಲ್ಲ. ಅಪ್ಪನೇ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಪಕ್ಕದವನಿಗೆ ದಾಟಿಸಿದ. ಹೆಂಗಸರ ಸಾಲಿನಿಂದ ಅವ್ವ ನೋಡುತ್ತಿದ್ದಳು.

ಆ ಸಂಜೆ ಚಾಪೆಯ ಮೇಲೆ, ದೇವರಿಗೆ ನಡೆದುಕೊಂಡೂ ಮಕ್ಕಳನ್ನೆಲ್ಲ ಕಳೆದುಕೊಂಡು, ಯಾಕೆಂದು ತಿಳಿಯದೆ ಬೂದಿಯಲ್ಲಿ ಕೂತ ಒಬ್ಬ ಮನುಷ್ಯನ ಕಥೆ ಬಂದಿತ್ತು. ಅಪ್ಪ ತನ್ನ ವಚನ ಓದಿ ಎಂದಿನಂತೆ ಕಾಯತೊಡಗಿದ. ಅವ್ವ ಕಂದೀಲನ್ನು ತುಸು ಹತ್ತಿರಕ್ಕೆ ಎಳೆದುಕೊಂಡಳು. ಸಾಲಿಗೆ ಬೆರಳಿಟ್ಟಳು. ಯಾಕಾದರೂ ಹುಟ್ಟಿದೆನೋ ಎಂದು ಅವನು ಅಳುವ ಮಾತು ಅದು. ಒತ್ತಕ್ಷರಗಳಲ್ಲಿ ನಿಂತು ನಿಂತು ಕಡೆಯವರೆಗೂ ಓದಿದಳು.

“ಇವಗೂ ಗೊತ್ತಿರಲಿಲ್ಲ,” ಎಂದಳು.

“ಇಲ್ಲ. ಅವಗೂ ಗೊತ್ತಿರಲಿಲ್ಲ,” ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, “ಮುಂದ,” ಎಂದ.

ನನಗೆ ಓದಲು ಆಗಲಿಲ್ಲ, ಅಳು ಬಂದಿತ್ತು. ಅಪ್ಪ ನನಗೂ ಕಾದ.

ಅವ್ವ ಸಾಯುವವರೆಗೂ ಮತ್ತೆ ಸಾಕ್ಷಿ ಹೇಳಲಿಲ್ಲ, ಸಂಜೆಯ ಓದನ್ನೂ ತಪ್ಪಿಸಲಿಲ್ಲ. ಹಿರಿಯರ ಕಾಲ ಮುಗಿದ ಮೇಲೆ ಸಾಕ್ಷಿಯ ಆ ಪದ್ಧತಿಯೇ ಬಿದ್ದುಹೋಯಿತು. ರೊಟ್ಟಿ ಎಲ್ಲರಿಗೂ ಬರತೊಡಗಿತು, ಅಪ್ಪ ಅವ್ವ ಇಬ್ಬರಿಗೂ ಬಂತು. ಈಗ ನಮ್ಮ ಸಭೆಗೆ ಸ್ವಂತ ಕಟ್ಟಡವಿದೆ, ಪಾದ್ರಿಗಳಿದ್ದಾರೆ, ಧ್ವನಿವರ್ಧಕವಿದೆ. ಪಾದ್ರಿಗಳು ಅಧ್ಯಾಯ ಪೂರ್ತಿ ತಾವೇ ಓದುತ್ತಾರೆ, ಚೆನ್ನಾಗಿಯೇ ಓದುತ್ತಾರೆ. ಒಂದು ವಚನವೂ ತಪ್ಪುವುದಿಲ್ಲ. ಆದರೆ ಓದಲಾಗದೆ ಕೂತವರು ಯಾರಾದರೂ ಅಲ್ಲಿದ್ದರೆ, ಅವರಿಗಾಗಿ ಯಾರೂ ಕಾಯುವುದಿಲ್ಲ.