ಬುಧವಾರದ ಹಸಿರು ಸೀರೆ

ನಮ್ಮ ಮನೆಯಲ್ಲಿ ಪ್ರತಿ ವಸ್ತುವಿಗೂ ಒಂದು ಜಾಗವಿದೆ. ಕತ್ತರಿ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ಬೀಗದ ಕೈ ದೇವರಮನೆಯ ಪಕ್ಕದ ಮೊಳೆಗೆ, ಉಪ್ಪಿನ ಜಾಡಿಯ ಹಿಂದೆ ಹುಣಸೆಹಣ್ಣು, ಅದರ ಹಿಂದೆ ಬೆಲ್ಲ. ಮದುವೆಯಾಗಿ ಜಯನಗರದ ಈ ಮನೆಗೆ ಬಂದ ಮೊದಲ ವಾರದಲ್ಲೇ ನಾನು ಹೀಗೆ ಜೋಡಿಸಿದೆ. ನನ್ನ ತಂದೆ ಹಾಸ್ಟೆಲಿನ ವಾರ್ಡನ್ ಆಗಿದ್ದವರು. ಗಂಟೆ ಹೊಡೆದರೆ ಏಳು, ಗಂಟೆ ಹೊಡೆದರೆ ಉಣ್ಣು ಎಂಬ ಮನೆಯಲ್ಲಿ ಬೆಳೆದವಳು ನಾನು. ಅಷ್ಟು ಹೊತ್ತಿಗಾಗಲೇ ಈ ಅಡುಗೆಮನೆಯನ್ನು ಆಳುತ್ತಿದ್ದ ಓರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಬಾಗಿಲಲ್ಲಿ ನಿಂತು ನೋಡಿದರು.

"ಇದೇನೇ ಇದು, ಮಿಲಿಟ್ರಿ ಕ್ಯಾಂಟೀನಾ?"

ಹಾಗೆಂದು ನಕ್ಕರೇ ಹೊರತು ಒಂದು ಡಬ್ಬಿಯನ್ನೂ ಕದಲಿಸಲಿಲ್ಲ. ಅವತ್ತಿನಿಂದ ಅವರು ನನಗೆ ಅಕ್ಕ.

ಬೆಳಿಗ್ಗೆ ಗೇಟಿನ ಮುಂದೆ ನೀರು ಹಾಕಿ ರಂಗೋಲಿ ಬಿಡುವುದು ಅಕ್ಕನ ಪಾಲು, ಡಿಕಾಕ್ಷನ್ ಹಾಕಿ ಹಾಲು ಕಾಯಿಸುವುದು ನನ್ನ ಪಾಲು. ಆಮೇಲೆ ನಾನು ಸ್ಕೂಲಿಗೆ ಓಡಬೇಕು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ. ಬೀರುವಿನ ಮುಂದೆ ನಿಂತು ಯೋಚಿಸುವ ಸಮಯ ಉಳಿಯಲೆಂದು ಸೀರೆಗೂ ವಾರ ಗೊತ್ತು ಮಾಡಿಕೊಂಡಿದ್ದೆ. ಸೋಮವಾರ ಬೂದು, ಮಂಗಳವಾರ ಕೆಂಪಂಚಿನ ಬಿಳಿ, ಬುಧವಾರ ಹಸಿರು, ಹೀಗೆ. ಒಂದು ಹಳತಾದರೆ ಅದೇ ಬಣ್ಣದ ಇನ್ನೊಂದು ಹತ್ತಿ ಸೀರೆ ತರುತ್ತಿದ್ದೆ. ಹುಡುಗಿಯರು ನನ್ನ ಸೀರೆ ನೋಡಿ ವಾರ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೂ ಅದು ಬದಲಾಗಲಿಲ್ಲ.

ಬೋರ್ಡ್ ನೋಡುವಾಗ ಕಣ್ಣು ಕಿರಿದು ಮಾಡುವ ಮಕ್ಕಳನ್ನು ಗುರುತಿಸಿ, ಮುಂದಿನ ಬೆಂಚಿಗೆ ತಂದು, ಮನೆಯವರಿಗೆ ಹೇಳಿ ಕಳಿಸುವುದನ್ನೂ ನಾನು ಕೆಲಸವೆಂದೇ ಮಾಡಿದೆ. ಕನ್ನಡಕ ಹಾಕಿಸಿದರೆ ಮಗಳಿಗೆ ಗಂಡು ಸಿಗುವುದಿಲ್ಲ ಎಂದು ಜಗಳಕ್ಕೆ ಬಂದ ತಾಯಂದಿರೂ ಇದ್ದರು. ಅಕ್ಕನ ಮಗಳಿಗೆ ಕನ್ನಡಕ ಬೇಕೆಂದು ಮೊದಲು ಹೇಳಿದವಳೂ ನಾನೇ. "ಊರಿಗೆಲ್ಲ ಕನ್ನಡಕ ಹಾಕ್ಸಿ ಈಗ ನನ್ನ ಮಗಳ ಮೂಗಿಗೂ ಬಂದ್ಯಾ?" ಎಂದು ಅಕ್ಕ ಬೈದರು. ಮರುದಿನ ಅವರೇ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದರು.

ಅಕ್ಕನ ಮಗಳು ಮದುವೆಯಾಗಿ ಹೋಗಿ, ನಮ್ಮಿಬ್ಬರ ಗಂಡಂದಿರೂ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಆ ದಿನಗಳಲ್ಲೇ ಒಮ್ಮೆ ಪಾರ್ಕಿನಲ್ಲಿ ಕಣ್ಣಿನ ತಪಾಸಣೆ ನಡೆಯಿತು. ಅಕ್ಕನಿಗೆ ಪೊರೆ ಶುರುವಾಗಿದೆ, ಅವಸರವಿಲ್ಲ, ಆದರೆ ಆಸ್ಪತ್ರೆಗೆ ಹೋಗಿ ಪೂರ್ತಿ ತೋರಿಸಿಕೊಳ್ಳಿ ಎಂದರು. ಅಕ್ಕ 'ಅವಸರವಿಲ್ಲ' ಎಂಬುದನ್ನು ಮಾತ್ರ ಮನೆಗೆ ತಂದರು.

"ಬಲೀಲಿ ಬಿಡೇ. ನಮ್ಮಮ್ಮಂಗೂ ಪೂರ್ತಿ ಬಲಿತ ಮೇಲೇ ತೆಗ್ದಿದ್ದು."

"ಈಗ ಬಲಿಯೋ ತನಕ ಕಾಯೋದೆಲ್ಲ ಇಲ್ಲ ಅಕ್ಕ. ತೋರಿಸ್ಕೊಂಡಾದ್ರೂ ಬರೋಣ."

"ತೋರಿಸಿದ್ರೆ ಆಪರೇಷನ್ ಅಂತಾರೆ. ತಲೆಗೆ ನೀರು ಹಾಕೋ ಹಾಗಿಲ್ಲ, ಒಲೆ ಮುಂದೆ ನಿಲ್ಲೋ ಹಾಗಿಲ್ಲ. ಗೌರಿ ಹಬ್ಬ ಆಗ್ಲಿ."

ಗೌರಿ ಹಬ್ಬವಾದರೆ ಗೊಂಬೆ ಕೂರಿಸುವುದು ಬಂತು. ಅದು ಮುಗಿದರೆ ಕಾರ್ತಿಕದ ದೀಪ, ಧನುರ್ಮಾಸದ ಹುಗ್ಗಿ. ಹಬ್ಬವಿಲ್ಲದ ತಿಂಗಳೆಂದರೆ ಆಷಾಢ. ಆಷಾಢದಲ್ಲಿ ಯಾರು ಕಣ್ಣಿಗೆ ಕೈ ಹಾಕಿಸಿಕೊಳ್ಳುತ್ತಾರೆ? ನಾನೂ ಹೆಚ್ಚು ಒತ್ತಾಯಿಸಲಿಲ್ಲ, ಏಕೆಂದರೆ ಅಕ್ಕ ಪೇಪರ್ ಓದುತ್ತಿದ್ದರು, ಸೂಜಿಗೆ ದಾರ ಪೋಣಿಸುತ್ತಿದ್ದರು, ಕತ್ತಲಲ್ಲೂ ಹಜಾರದಿಂದ ಅಡುಗೆಮನೆಗೆ ಸರಸರನೆ ನಡೆದು ಬರುತ್ತಿದ್ದರು. ರಂಗೋಲಿ ಮಾತ್ರ ವರ್ಷದಿಂದ ವರ್ಷಕ್ಕೆ ಚಿಕ್ಕದಾಯಿತು. ಕೇಳಿದರೆ, "ಗೇಟ್ ಮುಂದೆ ಯಾರ್‍ಯಾರೋ ಕಾರು ನಿಲ್ಲಿಸ್ತಾರೆ. ಇಷ್ಟು ಸಾಕು" ಎಂದರು. ಅದೂ ಸರಿಯೆನಿಸಿತು.

ಒಂದು ಬೇಸಿಗೆಯಲ್ಲಿ ಮನೆಗೆ ಪೇಂಟ್ ಮಾಡಿಸಿದೆವು. ಕೆಲಸದವರು ಮಂಚ, ಬೀರು, ದಿವಾನ ಎಲ್ಲವನ್ನೂ ನಡುಮನೆಗೆ ಎಳೆದು ಪ್ಲಾಸ್ಟಿಕ್ ಹೊದಿಸಿದರು. ಅಡುಗೆಮನೆಯ ಡಬ್ಬಿಗಳು ಹಿತ್ತಲಿಗೆ ಹೋದವು. ಆ ದಿನ ಬೆಳಿಗ್ಗೆಯೆಲ್ಲ ಅಕ್ಕ ಜಗಲಿಯ ಕುರ್ಚಿಯಿಂದ ಏಳಲಿಲ್ಲ. ಕಾಫಿ ಕೊಟ್ಟರೆ ಬೇಡ, ನೀರು ಕೊಟ್ಟರೆ ಬೇಡ. ಪೇಂಟಿನ ವಾಸನೆಗೆ ಹೀಗಾಗಿರಬೇಕು ಎಂದುಕೊಂಡೆ. ಮಧ್ಯಾಹ್ನ ಕೊನೆಗೂ ಎದ್ದು ಬಚ್ಚಲಿನ ಕಡೆ ಹೊರಟರು.

"ಅಮ್ಮಾ, ಏಣಿ ಇದೆ ನೋಡಿ!" ಎಂದು ಪೇಂಟರ್ ಕೂಗಿದ.

"ಎಲ್ಲಿ?" ಎಂದರು ಅಕ್ಕ.

ಏಣಿ ಅವರ ಭುಜಕ್ಕೆ ತಾಗುತ್ತಿತ್ತು.

ಅವರು ದನಿ ಬಂದ ಕಡೆ ತಿರುಗಿ, ಬೀರುವಿನ ಮೂಲೆಗೆ ಹಣೆ ಬಡಿದುಕೊಂಡು, ಪ್ಲಾಸ್ಟಿಕ್ ಹಿಡಿದು ನೆಲಕ್ಕೆ ಕುಸಿದರು. ಎಬ್ಬಿಸಲು ಹೋದಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಪೇಂಟರಿಗೆ ಕೇಳಿಸದ ಹಾಗೆ ಹೇಳಿದರು: "ನನ್ನ ಮನೆ ಎಲ್ಲಿ ಹೋಯ್ತೇ?"

ಮರುದಿನವೇ ಕಣ್ಣಿನ ಆಸ್ಪತ್ರೆಗೆ ಹೋದೆವು. ಒಂದು ಡಬ್ಬದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ. ನಾನು ಹೊರಗೆ ಕುಳಿತು ಆ ಗುಂಡಿಯ ಸದ್ದಿಗೆ ಕಾದೆ. ಬಹಳ ಹೊತ್ತು ಕೇಳಿಸಲೇ ಇಲ್ಲ.

"ಕಣ್ಣಿನ ಒಳಗಿನ ಒತ್ತಡ ಜಾಸ್ತಿಯಾಗಿ ನರ ಸವೆದಿದೆ. ಗ್ಲಾಕೋಮಾ. ಸುತ್ತಲಿನ ನೋಟ ಹೋಗಿದೆ, ನಡುವೆ ಸ್ವಲ್ಪ ಉಳಿದಿದೆ," ಎಂದರು ಡಾಕ್ಟರ್.

"ಪೊರೆ ಅಲ್ವಾ ಡಾಕ್ಟ್ರೇ?" ಅಕ್ಕ ಕೇಳಿದರು.

"ಪೊರೆನೂ ಇದೆ ಅಮ್ಮ. ಅದನ್ನ ತೆಗೀಬಹುದು. ಇದ್ರಲ್ಲಿ ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ."

"ನಂಗೆ ಒಂದು ದಿನಾನೂ ನೋವಾಗ್ಲಿಲ್ವಲ್ಲ."

"ಬಹಳ ಜನಕ್ಕೆ ಆಗಲ್ಲ. ಅದಕ್ಕೇ ನಲವತ್ತಾದ ಮೇಲೆ ಚೆನ್ನಾಗಿ ಕಾಣ್ತಿದ್ರೂ ಒತ್ತಡ ನೋಡಿಸ್ಕೊಳ್ಳಿ ಅನ್ನೋದು. ಅಲ್ಲಾ, ಇಷ್ಟು ದಿನ ಮನೇಲಿ ಯಾವುದಕ್ಕೂ ತಾಗದೆ ಹೇಗೆ ಓಡಾಡಿದ್ರಿ?"

ಅಕ್ಕ ನಾನಿದ್ದ ಕಡೆಗೆ ಕೈ ತೋರಿಸಿದರು. "ಇವಳಿಂದ. ಇವಳ ಮನೇಲಿ ಒಂದು ಚಮಚ ಕದಲಲ್ಲ. ಕಣ್ಣು ಯಾತಕ್ಕೆ ಬೇಕು?"

ಹೊಗಳಿಕೆಯೆಂದೇ ಹೇಳಿದ್ದು. ನಾನು ಫೈಲು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಹೊಟ್ಟೆಯಲ್ಲಿ ಹುಟ್ಟಿದವರಿಗೂ ಇದು ಬರಬಹುದು ಎಂದು ಡಾಕ್ಟರ್ ಹೇಳಿದ್ದರು. ಆಟೋದಲ್ಲಿ ಕುಳಿತೊಡನೆ ಅಕ್ಕ ಅಂಜನಾಪುರದಲ್ಲಿದ್ದ ಮಗಳಿಗೆ ಫೋನ್ ಮಾಡಿಸಿದರು. "ಹಬ್ಬ ಗಿಬ್ಬ ಅನ್ಬೇಡ, ನಾಳೆನೇ ಹೋಗು" ಎಂದರು. ಅವಳಿಗೂ ಒತ್ತಡ ಹೆಚ್ಚಿತ್ತು, ಆದರೆ ನರಕ್ಕೆ ಇನ್ನೂ ಏನೂ ಆಗಿರಲಿಲ್ಲ. ಔಷಧಿ ಶುರುವಾಯಿತು. ಆ ಸುದ್ದಿ ಬಂದ ಸಂಜೆ ಅಕ್ಕ ದೇವರಮನೆಯಲ್ಲಿ ಬಹಳ ಹೊತ್ತು ಕುಳಿತಿದ್ದರು. ತಮ್ಮ ಕಣ್ಣಿಗಾಗಿ ಅವರು ಅಷ್ಟು ಹೊತ್ತು ಕುಳಿತದ್ದನ್ನು ನಾನು ನೋಡಿಲ್ಲ.

ಕೆಲಸದವರು ಹೋದ ಮೇಲೆ ಒಂದೊಂದು ವಸ್ತುವನ್ನೂ ಮೊದಲಿದ್ದ ಜಾಗಕ್ಕೇ ಸೇರಿಸಿದೆ. ಅಕ್ಕ ಮತ್ತೆ ಮೊದಲಿನಂತೆ ನಡೆದಾಡಿದರು.

ಕಣ್ಣಿಗೆ ಹನಿ ಹಾಕುವುದು ನನ್ನ ಪಾಲಾಯಿತು. ಬೆಳಿಗ್ಗೆ ಕಾಫಿಗೆ ಮುಂಚೆ, ರಾತ್ರಿ ಊಟವಾದ ಮೇಲೆ. ಅಕ್ಕ ಜಗಲಿಯ ಕುರ್ಚಿಯಲ್ಲಿ, ನಾನು ಎದುರಿನ ಸ್ಟೂಲಿನಲ್ಲಿ. ಹನಿ ಹಾಕುವ ಮುಂಚೆ ಅವರು ತಮಗೆ ಉಳಿದಿದ್ದ ಪುಟ್ಟ ಕಿಂಡಿಯಲ್ಲಿ ನನ್ನನ್ನು ಹುಡುಕುತ್ತಿದ್ದರು.

"ಸ್ವಲ್ಪ ಎಡಕ್ಕೆ ಬಾ. ಇನ್ನೂ ಸ್ವಲ್ಪ. ಹಾಂ, ಸಿಕ್ದೆ."

"ಏನು ಉಟ್ಟಿದೀನಿ ಹೇಳಿ."

"ಕೆಂಪಂಚು. ಮಂಗಳವಾರ ಬಂತಲ್ಲ, ಹಾಳು ಬಿಳೀ ಸೀರೆ ಬಂತು."

ಆಮೇಲೆ ತಲೆ ಹಿಂದಕ್ಕೆ ವಾಲಿಸುವರು. ನಾನು ಕೆಳರೆಪ್ಪೆ ಎಳೆದು ಒಂದು ಹನಿ ಬಿಟ್ಟು, ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದೆ. ಕೆನ್ನೆಗೆ ಹರಿದದ್ದನ್ನು ಅವರು ನನ್ನ ಸೆರಗಿನಲ್ಲೇ ಒರೆಸಿಕೊಳ್ಳುತ್ತಿದ್ದರು. ಅದಕ್ಕೆಂದೇ ಶುಭ್ರವಾದ ಬಟ್ಟೆ ಮಡಚಿಟ್ಟಿದ್ದೆ. ಅದನ್ನು ಮುಟ್ಟುತ್ತಿರಲಿಲ್ಲ.

ಸೀರೆಯ ಬಣ್ಣ ಹೇಳಿಸುವುದು ನನಗೆ ಆಟವಾಗಿರಲಿಲ್ಲ. ಉಳಿದದ್ದು ಇನ್ನೂ ಉಳಿದಿದೆ ಎಂಬುದಕ್ಕೆ ನನ್ನ ಬಳಿ ಇದ್ದದ್ದು ಅದೊಂದೇ. ಡಾಕ್ಟರ್ ಎರಡನೆಯ ಔಷಧಿ ಸೇರಿಸಿದರು, ಒಂದು ಆಪರೇಷನ್ನೂ ಆಯಿತು. ಅಕ್ಕ ಪೇಪರ್ ಬಿಟ್ಟರು. "ಬೆಳಬೆಳಗ್ಗೆ ಕೆಟ್ಟ ಸುದ್ದಿ ಯಾರು ಓದ್ತಾರೆ?" ಎಂದರು. ಗೇಟಿನ ಮುಂದಿನ ರಂಗೋಲಿ ನಾಲ್ಕು ಗೆರೆಗೆ ಬಂದು ನಿಂತಿತು. ಆದರೂ ಬೆಳಿಗ್ಗೆ ಸೀರೆಯ ಬಣ್ಣ ತಪ್ಪದೆ ಹೇಳುತ್ತಿದ್ದರು. ನಾನು ಸಮಾಧಾನದಿಂದ ಕಾಫಿ ಬೆರೆಸುತ್ತಿದ್ದೆ.

ಹೋದ ಮಳೆಗಾಲದಲ್ಲಿ ವಾರವೆಲ್ಲ ಬಿಸಿಲು ಬರಲಿಲ್ಲ. ಬುಧವಾರ ಬೆಳಿಗ್ಗೆ ನೋಡಿದರೆ ಒಳಗೆ ಹಗ್ಗದ ಮೇಲೆ ಹಾಕಿದ್ದ ಹಸಿರು ಸೀರೆ ಇನ್ನೂ ಒದ್ದೆ. ಅಕ್ಕನ ಮಗಳು ದೀಪಾವಳಿಗೆ ಕೊಟ್ಟಿದ್ದ ಕಂದು ಬಣ್ಣದ ರೇಷ್ಮೆ ಸೀರೆ ಉಟ್ಟುಕೊಂಡೆ. ಏನನ್ನುತ್ತಾರೋ ನೋಡೋಣ ಎಂದು ಸ್ವಲ್ಪ ನಗುವೂ ಬಂದಿತ್ತು.

"ಎಡಕ್ಕೆ ಬಾ," ಎಂದರು. ಸರಿದೆ. "ಹಾಂ, ಸಿಕ್ದೆ."

"ಏನು ಉಟ್ಟಿದೀನಿ ಹೇಳಿ."

"ಹಸಿರು. ನಿಂಗೆ ಎಲ್ಲದಕ್ಕಿಂತ ಈ ಹಸಿರೇ ಒಪ್ಪೋದು ಕಣೇ."

ಹೇಳಿ, ನನ್ನ ಮುಖವನ್ನೇ ನೋಡುತ್ತಿರುವವರಂತೆ ನಕ್ಕರು. ಔಷಧಿಯ ಬಾಟಲಿ ನನ್ನ ಕೈಯಲ್ಲೇ ಇತ್ತು. ಎಷ್ಟು ಸೋಮವಾರ ಬೂದು ಎಂದಿದ್ದರು, ಎಷ್ಟು ಮಂಗಳವಾರ ಬಿಳೀ ಸೀರೆಯನ್ನು ಹಾಳೆಂದಿದ್ದರು! ಅದರಲ್ಲಿ ಯಾವುದು ಕಂಡದ್ದು, ಯಾವುದು ನನಗಾಗಿ ಹೇಳಿದ್ದು?

"ಹೂಂ ಅಕ್ಕ," ಎಂದೆ. "ಹಸಿರೇ."

ಹನಿ ಹಾಕಿದೆ. ಎರಡು ಕಣ್ಣಿಗೂ, ಎಂದಿನಂತೆ. ಮೂಲೆಯನ್ನು ಒತ್ತಿ ಹಿಡಿದೆ. ಕೆನ್ನೆ ಒರೆಸಿಕೊಳ್ಳಲು ಅವರು ಸೆರಗಿಗೆ ಕೈ ಚಾಚಿದಾಗ ಮಡಚಿಟ್ಟ ಬಟ್ಟೆಯನ್ನು ಆ ಕೈಗೆ ಕೊಟ್ಟು ಒಳಗೆ ಬಂದೆ. ಬಾಗಿಲು ಹಾಕಿಕೊಂಡು ರೇಷ್ಮೆ ಸೀರೆ ಬಿಚ್ಚಿದೆ. ಹಗ್ಗದಿಂದ ಹಸಿರು ಸೀರೆ ಎಳೆದುಕೊಂಡು ಉಟ್ಟೆ. ಮೈಗೆ ತಣ್ಣಗೆ ಅಂಟಿತು.

ಕಾಫಿ ತೆಗೆದುಕೊಂಡು ಹೋದಾಗ ಲೋಟ ಕೊಡುವ ಮುಂಚೆಯೇ ಸೆರಗು ಅವರ ಕೈಗೆ ಸಿಕ್ಕಿತು. ಹಿಡಿದುಕೊಂಡರು. ಬೆರಳುಗಳ ನಡುವೆ ಅದನ್ನು ನಿಧಾನವಾಗಿ ಉಜ್ಜಿ ನೋಡಿದರು.

"ಒದ್ದೆ ಆಗಿದ್ಯಲ್ಲೇ."

"ಹೂಂ."

"ಈ ಥಂಡೀಲಿ ಒದ್ದೆ ಉಟ್ಕೊಂಡು ಓಡಾಡ್ಬೇಡ. ಹೋಗು, ಬೇರೆ ಉಟ್ಕೊಂಡು ಬಾ."

"ಬೇಡ ಅಕ್ಕ," ಎಂದೆ. "ಇವತ್ತು ಬುಧವಾರ."

ಅವರು ಇನ್ನೊಂದು ಕೈಯನ್ನು ಲೋಟಕ್ಕೆ ಚಾಚಿದರು. ಸೆರಗನ್ನು ಬಿಡಲಿಲ್ಲ.