ರಾಗಿ ಬೀಸಿದ ಅಂಗೈ

“ಭೇಷ್ ಮೇಷ್ಟ್ರೇ! ಪತ್ರಿಕೇಲಿ ಏನ್ ಚೆಂದಾಗಿ ಬರ್ದಿದ್ದೀರಿ!” ಎನ್ನುತ್ತ ವಾಚನಾಲಯದ ಹಿರಿಯರು ನಮ್ಮ ಜಗಲಿ ಹತ್ತಿ ನನ್ನ ಯಜಮಾನರ ಕೈ ಕುಲುಕಿದರು. ಬಾಗಿಲ ಹಿಂದಿದ್ದ ನಾನು ಕಿವಿಗೊಟ್ಟೆ. ಇವರು ಹೂಂ ಅಂದುಬಿಟ್ಟರೆ?

ವಾಚನಾಲಯದಿಂದ ತಂದ ಕಾದಂಬರಿಯೊಂದರ ಬಗ್ಗೆ ಪತ್ರಿಕೆಗೆ ಬರೆದವಳು ನಾನು. ಹೆಸರು ಹಾಕಲು ಅಂಜಿ ‘ಮಧುಗಿರಿಯ ಓದುಗರು’ ಎಂದಷ್ಟೇ ಸಹಿ ಮಾಡಿದ್ದೆ; ಪುಸ್ತಕ ನಮ್ಮ ಮನೆಗೆ ಬಂದಿದ್ದರಿಂದ ಬರೆದವರು ಮೇಷ್ಟ್ರೇ ಎಂದುಕೊಂಡಿದ್ದರು ಹಿರಿಯರು. ಪಾಳೇಗಾರರ ಕಾಲದ ಆ ತಮಾಷೆಯ ಪ್ರೇಮಕಾದಂಬರಿಯಲ್ಲಿ, ರಾಗಿ ಬೀಸಲು ಕುಳಿತ ಪಾಳೇಗಾರನ ಮಗಳನ್ನು ರಾಜಕುಮಾರ ದಾಸಿಯೆಂದೇ ನಂಬುತ್ತಾನೆ. ‘ಅಂಗೈ ಜಡ್ಡುಗಟ್ಟಿದೆಯೇ ಎಂದು ನೋಡಿದ್ದರೆ ಕಥೆ ಎರಡನೇ ಪುಟಕ್ಕೇ ಮುಗಿಯುತ್ತಿತ್ತು, ಪುಣ್ಯಕ್ಕೆ ಗಂಡಸರು ಅದನ್ನೆಲ್ಲ ನೋಡುವುದಿಲ್ಲ’ ಎಂದು ನನ್ನ ಅಭಿಪ್ರಾಯ ಬರೆದಿದ್ದೆ.

“ಆ ಜಡ್ಡಿನ ವಿಷ್ಯ ನಿಮಗೆ ಹೆಂಗ್ ಹೊಳೀತು?” ಹಿರಿಯರು ಕೇಳಿದರು.

ಇವರು ನಕ್ಕರು. “ನಾನ್ಯಾವತ್ತು ರಾಗಿ ಬೀಸಿದ್ದೀನಿ ಸ್ವಾಮಿ? ಬರೆದೋಳು ಒಳಗಿದ್ದಾಳೆ. ಬಾರೇ ಈಚೆಗೆ!”

ಹೊರಬಂದು ಅಂಗೈ ಚಾಚಿದೆ. ಹಿರಿಯರು ಬೆರಳ ಬುಡದ ಜಡ್ಡನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಎದ್ದು ನಿಂತು ಕೈಮುಗಿದರು. “ನಾನೂ ಆ ರಾಜಕುಮಾರನಂಗೇ ಆಗ್ಬುಟ್ನಲ್ಲ ತಾಯಿ!”

ವಾಚನಾಲಯಕ್ಕೆ ಹೊಸ ಕಾದಂಬರಿ ಬಂದರೆ ಈಗ ಮೊದಲು ಬರುವುದು ನಮ್ಮ ಮನೆಗೆ. ಪತ್ರಿಕೆಗೆ ಮತ್ತೆ ಬರೆಯುತ್ತಿರುವ ಈ ಪತ್ರದ ಕೆಳಗೆ ನನ್ನ ಹೆಸರೇ ಇದೆ. ದಯವಿಟ್ಟು ಯಾರೂ ನಮ್ಮವರ ಕೈ ಕುಲುಕಬೇಡಿ.

— ಸಿದ್ದಲಿಂಗಮ್ಮ, ಮಧುಗಿರಿ