ಹಳದಿ ಅಂಚೆ ಡಬ್ಬ

ಯುರೋಪಿಗೆಲ್ಲ ಒಂದೇ ವೀಸಾ ಸಾಕು ಎಂದು ನಾನು ಫೋನಿನಲ್ಲಿ ಅತ್ತೆಯವರಿಗೆ ಹೇಳಿದಾಗ ಸ್ವೀಡನ್ನಿನ ಲಿಂಕೋಪಿಂಗಿಗೆ ಬಂದು ಮೂರು ವರ್ಷವಾಗಿತ್ತು. ಅಂದರೆ ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವಷ್ಟು ಹಳಬನಾಗಿದ್ದೆ. "ಸ್ವೀಡನ್ನಿಗೆ ಬನ್ನಿ ಅತ್ತೆ, ಒಂದು ವಾರ ಇಂಗ್ಲೆಂಡಿನ ಹಳ್ಳಿಗಳನ್ನೆಲ್ಲ ಸುತ್ತಿಸ್ಕೊಂಡು ಬರ್ತೀನಿ" ಎಂದಿದ್ದೆ. ಇಂಗ್ಲೆಂಡೇನೋ ನಮ್ಮ ಮನೆಯ ಹಿತ್ತಲಲ್ಲಿದೆ ಎನ್ನುವ ಹಾಗೆ.

ಅತ್ತೆಯವರು ತುಮಕೂರಿನ ಕಡೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಎಂಟನೇ ತರಗತಿಯ ಪುಸ್ತಕದಲ್ಲಿ ಇಂಗ್ಲೆಂಡಿನ ಹಳ್ಳಿಯ ಮೇಲೊಂದು ಪಾಠವಿತ್ತಂತೆ. ಹುಲ್ಲಿನ ಬಯಲು, ಬಾತುಕೋಳಿಯ ಕೊಳ, ಟೀ ಅಂಗಡಿ, ಕೆಂಪು ಅಂಚೆ ಡಬ್ಬ, ಆಚೆಗೆ ಸಮುದ್ರ. ಪ್ರತಿ ಜೂನ್‌ನಲ್ಲಿ ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಈಗ ಹಳೆಯ ವಿದ್ಯಾರ್ಥಿನಿಯರು ಸೇರಿ ಅವರಿಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಇಂಗ್ಲೆಂಡಿನ ಫೋಟೋಗಳನ್ನು ತಂದು ತೋರಿಸಬೇಕೆಂದು ಅವರಿಗೆ ತಾಕೀತೂ ಆಗಿತ್ತು. ಅದಕ್ಕೆಂದೇ ಅವರು ಹೊಸ ಕ್ಯಾಮೆರಾ ಹಿಡಿದು ಬಂದಿಳಿದರು.

ಇಂಗ್ಲೆಂಡಿನ ವಿಮಾನಕ್ಕೆ ಟಿಕೆಟ್ಟು ತೆಗೆಯಲು ಕೂತ ದಿನ ನನಗೆ ಜ್ಞಾನೋದಯವಾಯಿತು. ಇಂಗ್ಲೆಂಡಿಗೆ ಬೇರೆಯೇ ವೀಸಾ, ಬೇರೆಯೇ ಅರ್ಜಿ. ಅತ್ತೆಯವರು ಊರಿಗೆ ಹೊರಡುವುದರೊಳಗೆ ಅದು ಆಗುವ ಮಾತಾಗಿರಲಿಲ್ಲ. ನನ್ನಂಥ ಸಾಫ್ಟ್‌ವೇರ್ ಎಂಜಿನಿಯರ್ ತನ್ನ ತಪ್ಪನ್ನು ಒಪ್ಪಿಕೊಂಡದ್ದುಂಟೇ? ತಪ್ಪು ಯಾವತ್ತೂ ಇನ್ನೊಂದು ಸಿಸ್ಟಮ್ಮಿನದು. "ಈ ಬೇಸಿಗೆ ಇಂಗ್ಲೆಂಡಿನವರು ಇಲ್ಲಿಂದ ಯಾರನ್ನೂ ಬಿಟ್ಕೋತಿಲ್ಲ ಅತ್ತೆ, ಏನೋ ಹೊಸ ರೂಲ್ಸಂತೆ" ಎಂದುಬಿಟ್ಟೆ. ಅವರು "ಹೌದಾ" ಎಂದರು, ಅಷ್ಟೇ. ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ.

ಶನಿವಾರ ಬಾಡಿಗೆಗೆ ಒಂದು ಕಾರು ತಂದೆ. ಹಳ್ಳಿ ಎಂದರೆ ಹಳ್ಳಿ, ಸಮುದ್ರ ಎಂದರೆ ಸಮುದ್ರ, ಸ್ವೀಡನ್ನಿನಲ್ಲಿ ಅದಕ್ಕೇನು ಬರಗಾಲ? "ನೀವು ಮಾಡಿದ್ದು, ನೀವೇ ಸುತ್ತಿಸ್ಕೊಂಡು ಬನ್ನಿ" ಎಂದು ಹೆಂಡತಿ ಮನೆಯಲ್ಲೇ ಉಳಿದಳು.

ಮೊದಲ ಹಳ್ಳಿಯಲ್ಲಿ ಕೆಂಪು ಮರದ ಮನೆಗಳಿದ್ದವು, ಕಿಟಕಿಗಳಲ್ಲಿ ದೀಪ, ಹೂಕುಂಡ, ಎಲ್ಲ ಇದ್ದವು. ಜನರನ್ನು ಮಾತ್ರ ಯಾರೋ ಗುಡಿಸಿ ಒಳಗಿಟ್ಟಿದ್ದರು. ಅತ್ತೆಯವರು ರೇಷ್ಮೆ ಸೀರೆಯ ಮೇಲೆ ನನ್ನ ಚಳಿಗಾಲದ ಜಾಕೆಟ್ಟು ತೊಟ್ಟು, ಪರೀಕ್ಷಾ ಹಾಲಿನಲ್ಲಿ ಓಡಾಡುವವರಂತೆ ಬೀದಿಯ ಉದ್ದಕ್ಕೂ ನಡೆದರು. "ಹುಲ್ಲಿದೆ. ಕೊಳ ಇದೆ. ಬಾತುಕೋಳಿ ಎರಡೇ ಇವೆ" ಎಂದರು. ಎರಡಕ್ಕೆ ಎಷ್ಟು ಅಂಕ ಕಳೆದರೋ ತಿಳಿಯಲಿಲ್ಲ.

ಎರಡನೇ ಊರಿನಲ್ಲಿ ಫಿಕಾ ಮಾಡಿಸಿದೆ. ಫಿಕಾ ಎಂದರೆ ಕಾಫಿ, ಬನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂರುವುದು. ಇಲ್ಲಿ ಅದು ಕೆಲಸಕ್ಕಿಂತ ಗಂಭೀರವಾದ ವಿಷಯ. ಅತ್ತೆಯವರು ಟೀ ಕೇಳಿದರು. ಒಂದು ಲೋಟ ಬಿಸಿನೀರು, ದಾರ ಕಟ್ಟಿದ ಒಂದು ಪೊಟ್ಟಣ ಬಂತು. "ಟೀ ಮಾಡೋ ಕೆಲಸಾನೂ ನಮಗೇ ಬಿಟ್ಟಿದ್ದಾರೆ" ಎಂದು ಅದ್ದಿ ಅದ್ದಿ ಕುಡಿದರು. ಎಲ್ಲ ಕಡೆಯೂ ನನ್ನಿಂದ ಫೋಟೋ ತೆಗೆಸಿಕೊಂಡರು. ಆದರೆ ಪ್ರತಿ ಸಲವೂ ಒಂದೇ ಷರತ್ತು: "ಬೋರ್ಡು ಬರಬಾರದು." ಸ್ವೀಡಿಷ್ ಅಕ್ಷರವಿದ್ದ ಕಡೆಯಿಂದೆಲ್ಲ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು.

ಮಧ್ಯಾಹ್ನ ಬಾಲ್ಟಿಕ್ ತೀರದ ಮೀನುಗಾರರ ಊರೊಂದನ್ನು ತಲುಪಿದೆವು. ದೋಣಿಗಳು, ಬೆಂಚು, ಗಾಳಿ, ಒಂದು ಪುಟ್ಟ ಅಂಗಡಿ. ಅಂಗಡಿಯ ಗೋಡೆಗೆ ಅಂಚೆ ಡಬ್ಬ.

"ಇದು ಹಳದಿ" ಎಂದರು ಅತ್ತೆ.

"ಊರಿಗೆ ಹೋದ್ಮೇಲೆ ಫೋಟೋನ ಬ್ಲ್ಯಾಕ್ ಅಂಡ್ ವೈಟ್ ಮಾಡಿಸಿದ್ರಾಯ್ತು. ಇಂಗ್ಲೆಂಡ್ ಅಲ್ಲ ಅಂತ ಯಾರಿಗೆ ಗೊತ್ತಾಗುತ್ತೆ?" ಎಂದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾಗಿದ್ದೆ.

ಅವರು ಬೆಂಚಿನ ಮೇಲೆ ಕೂತರು. ಆಮೇಲೆ ಸಮುದ್ರ ನೋಡುತ್ತಲೇ ಹೇಳಿದರು: "ನಾನು ಕೆಲಸಕ್ಕೆ ಸೇರಿದ ಮೊದಲ್ನೇ ವಾರ. ಕ್ಲಾಸಂದ್ರೆ ಭಯ ಆಗ್ತಿತ್ತು. ಮೊದಲ್ನೇ ಬೆಂಚಲ್ಲಿ ಕೂತಿದ್ದ ಹುಡುಗಿ ಎದ್ದು ನಿಂತು, ಮಿಸ್, ನೀವು ಇಂಗ್ಲೆಂಡ್ ನೋಡಿದೀರಾ ಅಂದ್ಲು. ನೋಡಿದೀನಿ ಅಂದ್ಬಿಟ್ಟೆ. ಆಮೇಲೆ ಪ್ರತಿ ವರ್ಷ ಅದೇ ಹೇಳ್ಕೊಂಡು ಬಂದೆ. ಈಗ ಮುಂದೆ ನಿಂತು ಸನ್ಮಾನ ಮಾಡಿಸ್ತಿರೋಳೂ ಅವಳೇ. ಈ ಸಲ ನೋಡ್ಕೊಂಡು ಹೋಗ್ಬಿಟ್ರೆ ಸುಳ್ಳು ತೀರುತ್ತೆ ಅಂದ್ಕೊಂಡಿದ್ದೆ."

ಮೂವತ್ತಮೂರು ವರ್ಷದ ಸುಳ್ಳನ್ನು ತೀರಿಸಲು ಬಂದವರಿಗೆ ನಾನು ಬಣ್ಣ ತೆಗೆಸುವ ಉಪಾಯ ಹೇಳಿಕೊಡುತ್ತಿದ್ದೆ.

ಅವರು ಎದ್ದು ಅಂಗಡಿಗೆ ಹೋದರು. ನಾನು ಹಿಂದೆಯೇ ಹೋಗುವುದರೊಳಗೆ ತಮ್ಮ ಪಾಠದ ಇಂಗ್ಲಿಷಿನಲ್ಲೇ ವ್ಯವಹಾರ ಮುಗಿಸಿ, ದೋಣಿಗಳ ಚಿತ್ರವಿದ್ದ ಒಂದು ಕಾರ್ಡು, ಅಂಚೆಚೀಟಿ ತಂದಿದ್ದರು. ಚಿತ್ರದ ಕೆಳಗೆ ಊರಿನ ಹೆಸರು ಸ್ವೀಡಿಷಿನಲ್ಲಿ ದಪ್ಪಗೆ ಅಚ್ಚಾಗಿತ್ತು. ತೊಡೆಯ ಮೇಲಿಟ್ಟುಕೊಂಡು ಆ ಹುಡುಗಿಗೆ ದುಂಡಗೆ ಬರೆದು ನನ್ನ ಕೈಗೆ ಕೊಟ್ಟರು.

"ಇದು ಸ್ವೀಡನ್. ಇಂಗ್ಲೆಂಡನ್ನು ನಾನು ಯಾವತ್ತೂ ನೋಡಿಲ್ಲ. ಅವತ್ತು ನೀನು ಕೇಳಿದಾಗ ಸುಳ್ಳು ಹೇಳಿದೆ. ಸನ್ಮಾನದ ದಿನ ಇದನ್ನು ಎಲ್ಲರಿಗೂ ಓದಿ ಹೇಳು."

"ಎಲ್ಲರೆದುರಿಗೆ ಯಾಕತ್ತೆ? ಅಷ್ಟೊಂದು ದೊಡ್ಡ ತಪ್ಪೇನಲ್ಲ ಬಿಡಿ" ಎಂದೆ.

"ಕೆಳಗೆ ಇನ್ನೂ ಎರಡು ಸಾಲು ಜಾಗ ಇದೆ ಅಳಿಯಂದ್ರೆ" ಎಂದು ಅವರು ಪೆನ್ನನ್ನೂ ನನ್ನ ಮುಂದೆ ಹಿಡಿದರು. "ವೀಸಾ ವಿಷಯ ಮಗಳು ಅವತ್ತೇ ಹೇಳಿದ್ಲು. ನೀವು ಏನಾದ್ರೂ ಬರೆಯೋದಿದ್ರೆ ಬರೀರಿ, ನಾನು ಕಾಯ್ತೀನಿ."

ಕಾರ್ಡನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ನಾನು ಬರೆಯುವ ತನಕ ಅವರು ಹಳದಿ ಡಬ್ಬದ ಪಕ್ಕದಲ್ಲೇ ನಿಂತಿದ್ದರು.